ತೊಟ್ಟಿಲ ಮುಂದೆ ಕೇಳಿದ ಒಡಪು

ಕಳೆದ ವರ್ಷದ ಒಂದು ದೀಪಾವಳಿ ವಿಶೇಷಾಂಕದಲ್ಲಿ ನನ್ನ ಸೋದರತ್ತೆಯ ಬಗ್ಗೆ ಎರಡೂವರೆ ಪುಟದ ಲೇಖನ ಬಂದಿತ್ತು. ವಿರಹದ ಹಾಡುಗಳಿಗೆ ಹೆಸರಾಗಿದ್ದ ನಾಟಕ ಕಂಪನಿಯ ಗಾಯಕಿ, ಮುಂದೆ ಸಿನಿಮಾ ನಟಿ, ಈಗ ಯಾರಿಗೂ ನೆನಪಿಲ್ಲದವರು ಎಂಬ ಧಾಟಿಯ ಬರಹ. ಬರೆದವರಿಗೆ ನನ್ನ ವಿಳಾಸ ಹುಡುಕುವುದು ಕಷ್ಟವಿರಲಿಲ್ಲ; ಅವರು ಹುಡುಕಲಿಲ್ಲ. ಹೀಗಾಗಿ ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತು, ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳ ನಿಬಂಧ ತಿದ್ದಿದ ಅಭ್ಯಾಸದಿಂದ, ಅದರಲ್ಲಿ ಎಂಟು ತಪ್ಪುಗಳನ್ನು ಗುರುತಿಸಿದೆ. ಅತ್ತೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಲ್ಲ, ಧಾರವಾಡ ಜಿಲ್ಲೆಯಲ್ಲಿ. ಕಂಪನಿ ಸೇರಿದಾಗ ಅವರಿಗೆ ಹನ್ನೊಂದಲ್ಲ, ಹದಿನಾಲ್ಕು. ನಟಿಸಿದ ಚಿತ್ರಗಳು ನಾಲ್ಕಲ್ಲ, ಆರು. ಹೀಗೆ ಏಳು ತಪ್ಪು. ಎಂಟನೆಯದು ಕೊನೆಯ ಪ್ಯಾರಾದಲ್ಲಿತ್ತು: ಸಂಬಂಧಿಕರೂ ಅವರನ್ನು ಕೈಬಿಟ್ಟರು ಎಂದು. ಅದರ ಪಕ್ಕದಲ್ಲಿಯೂ ‘ತಪ್ಪು’ ಎಂದು ಬರೆದೆ. ಸರಿಯಾದದ್ದು ಏನೆಂದು ಅಂಚಿನಲ್ಲಿ ತುಂಬಲು ಹೋದಾಗ ಪೆನ್ನು ಮುಂದೆ ಸರಿಯಲಿಲ್ಲ.

ನನಗೆ ಯಾರಾದರೂ ಮಾಡಿದ ಅವಮಾನವನ್ನು ನಾನು ಮರೆಯುವುದಿಲ್ಲವೆಂದು ನಮ್ಮ ಬಳಗದಲ್ಲಿ ಪ್ರಸಿದ್ಧಿ. ಅದು ಸುಳ್ಳಲ್ಲ. ಮೆಟ್ರಿಕ್ ಪರೀಕ್ಷೆಯ ದಿನ ನನ್ನ ದೌತಿ ಉರುಳಿದಾಗ ಎರಡು ಹನಿ ಶಾಯಿ ಕೊಡದೆ ಮುಖ ತಿರುಗಿಸಿದವಳು ಮುಂದೆ ಯಾವ ಊರಿಗೆ ಮದುವೆಯಾಗಿ ಹೋದಳೆಂಬುದು ನನಗೆ ಇಂದಿಗೂ ಗೊತ್ತು. ನನ್ನ ಅತ್ತೆಗೆ ದಾಂಡೇಲಿಯಲ್ಲಿ ಯಾರು ಯಾರು ಏನೇನು ಅಂದರೆಂಬುದನ್ನೂ ಮಾತಿಗೆ ಮಾತು ಹೇಳಬಲ್ಲೆ. ಆದರೆ ಆ ಪಟ್ಟಿಯಲ್ಲಿ ಒಂದನ್ನು ನಾನು ಅರವತ್ತು ವರ್ಷಗಳಿಂದ ಸೇರಿಸದೆ ಬಿಟ್ಟಿದ್ದೇನೆ. ಇಷ್ಟು ನಿಖರವಾದ ನೆನಪಿರುವವಳಿಗೆ ಅದು ಮರೆತುಹೋಯಿತೆಂದು ಹೇಳಿಕೊಳ್ಳುವ ಅವಕಾಶವೂ ಇಲ್ಲ.

ಅತ್ತೆ ನಮ್ಮ ಮನೆಗೆ ಬಂದಾಗ ದಾಂಡೇಲಿಯ ಕಾಗದದ ಕಾರ್ಖಾನೆ ಇನ್ನೂ ಹೊಸದು. ಅಪ್ಪನಿಗೆ ಅಲ್ಲಿ ಬಿದಿರಿನ ಅಟ್ಟಿಗಳನ್ನು ನೋಡಿಕೊಳ್ಳುವ ಕೆಲಸ. ಅಂಬೇವಾಡಿಯಲ್ಲಿ ಎರಡು ಕೋಣೆಯ ಮನೆ, ಮನೆಗಳ ಒಂದು ಸಾಲಿಗೆಲ್ಲ ಸೇರಿ ಒಂದೇ ನಳ. ಗಾಳಿ ತಿರುಗಿದ ದಿನ ಬೇಯುವ ಬಿದಿರಿನ ನಾತ ಊಟದ ತಾಟಿನವರೆಗೂ ಬರುತ್ತಿತ್ತು. ನನಗಾಗ ಹದಿನಾಲ್ಕು ವರ್ಷ, ಅತ್ತೆಗೆ ನಲವತ್ತಾರು. ರೈಲಿನಿಂದ ಇಳಿದ ಅಕ್ಕನ ತಗಡಿನ ಟ್ರಂಕನ್ನು ಅಪ್ಪ ಹಮಾಲನಿಗೆ ಕೊಡದೆ ತಾವೇ ಹೊತ್ತು ತಂದರು. ಹೊಸ್ತಿಲ ಹೊರಗೆ ನಿಂತು ಅತ್ತೆ ಕೇಳಿದ ಮೊದಲ ಮಾತು ನನಗೆ ನೆನಪಿದೆ.

“ತಮ್ಮಾ, ನಾ ಇಲ್ಲಿ ಯಾರಂತ ಇರ್ಲಿ?”

“ಅಕ್ಕ ಅಂತ ಇರು. ಮತ್ತ್ಯಾರಂತ ಇರಬೇಕಂತಿ?” ಎಂದರು ಅಪ್ಪ. “ಈಕಿಗೆ ಅತ್ತಿ ಅಂತ ಇರು. ಒಳಗ ಬಾ.”

ಅತ್ತೆ ಅದಕ್ಕಿಂತ ಹೆಚ್ಚಿನದೇನನ್ನೂ ನಮ್ಮಿಂದ ಬಯಸಲಿಲ್ಲ. ಹಾಡುವವಳು ಎಂದಲ್ಲ, ಸಿನಿಮಾದವಳು ಎಂದಲ್ಲ, ಒಂದು ಮನೆಯ ಅತ್ತೆ ಎಂದು ಕರೆಸಿಕೊಳ್ಳಬೇಕೆಂಬುದೊಂದೇ ಅವರ ಆಸೆಯಾಗಿತ್ತು.

ಅವರ ಬದುಕಿನ ಕಥೆಯನ್ನು ನಾನು ಕೇಳಿದ್ದು ಮಧ್ಯಾಹ್ನದ ಹೊತ್ತು, ಅವರೆಕಾಯಿ ಸುಲಿಯುತ್ತ. ಹದಿನೇಳನೆಯ ವಯಸ್ಸಿಗೆ ಅವರು ಕಂಪನಿಯ ಮುಖ್ಯ ಗಾಯಕಿಯಾಗಿದ್ದರು. ಬಿಟ್ಟುಹೋದವನಿಗಾಗಿ ಕಾಯುವವಳ ಹಾಡು, ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡುವ ಹಾಡು, ಇವೇ ಅವರ ಪಾಲಿಗೆ ಬರುತ್ತಿದ್ದವು. ಜನ ‘ವನ್ಸ್ ಮೋರ್’ ಎಂದು ಕೂಗಿದಷ್ಟು ಸಲ ಮೊದಲಿನಿಂದ ಹಾಡಬೇಕು. ಅದು ಕಂಪನಿಯ ನಿಯಮ.

“ಒಮ್ಮೆ ಗದಗಿನ್ಯಾಗ ಐದು ಸಲ ಹಾಡಿಸಿದ್ರು,” ಎಂದು ಅತ್ತೆ ನಗುತ್ತಿದ್ದರು. “ಸತ್ತು ಬಿದ್ದ ರಾಜನ ಮೂಗಿನ ಮ್ಯಾಲ ಗುಂಗಾಡು ಕುಂತಿತ್ತು. ನಾಕನೇ ಸಲಕ್ಕ ಅಂವ ಹಲ್ಲು ಕಡಕೊಂಡು ಅಂದ: ‘ಇನ್ನೊಮ್ಮೆ ಅಳಾಕ ಹತ್ತಿದಿ ಅಂದ್ರ ಎದ್ದು ಹೊಡೀತೇನಿ ನೋಡು.’ ನನಗ ನಗಿ ತಡಿಯಾಕ ಆಗವಲ್ದು. ಭುಜ ಅಲಗ್ಯಾಡಿದ್ವು. ಮಂದಿ, ಪಾಪ, ದುಃಖ ಉಕ್ಕಿ ಬಂತು ಅಂತ ಮತ್ತೊಮ್ಮೆ ವನ್ಸ್ ಮೋರ್!”

ಆಮೇಲೆ ಗ್ರಾಮಫೋನ್ ಪ್ಲೇಟುಗಳು, ಕೊಲ್ಲಾಪುರದಲ್ಲಿ ಮೂರು ಸಿನಿಮಾ, ಮದರಾಸಿನಲ್ಲಿ ಮೂರು. ಮೊದಮೊದಲು ಕ್ಯಾಮೆರಾದ ಮುಂದೆ ಅಭಿನಯಿಸುತ್ತಲೇ ಹಾಡಬೇಕಿತ್ತು. ಅವರು ಬಳ್ಳಿ ಹಿಡಿದು ಅಳುವಾಗ ತಬಲಾದವನು ಪಕ್ಕದ ಪೊದೆಯಲ್ಲಿ, ಹಾರ್ಮೋನಿಯಂ ಪೇಟಿಯವನು ಮರದ ಹಿಂದೆ ಅಡಗಿ ಕೂರುತ್ತಿದ್ದರು. ಅಷ್ಟರಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ತುಟಿ ಆಡಿಸುವ ಪದ್ಧತಿ ಬಂತು. ಒಂದು ಚಿತ್ರದಲ್ಲಿ ಮುಖ ಅತ್ತೆಯದು, ದನಿ ಬೇರೆಯವಳದು. ಅದರ ಮುಂದಿನದರಲ್ಲಿ ದನಿ ಅತ್ತೆಯದು, ಮುಖ ಬೇರೆಯವಳದು.

“ನನ್ನ ಎರಡು ಹೋಳು ಮಾಡಿದ್ರು, ತಂಗಿ. ಆಮ್ಯಾಲ ಎರಡೂ ಹೋಳು ಬ್ಯಾಡಾದ್ವು.”

ಕಂಪನಿಯ ಮಾಲೀಕನೊಡನೆ ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದ್ದನ್ನೂ ಅವರು ನನಗೆ ಹೇಳಿದರು. ಅವನಿಗೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದರು. ಕಂಪನಿ ಮುಚ್ಚಿದ ವಾರ ಅವನು ಹೆಂಡತಿಯ ಮನೆಗೆ ಹೊರಟುಹೋದ. ಹಾಗಾದರೆ ಈ ಕುಂಕುಮ ಯಾರದೆಂದು ನಾನು ಕೇಳಿದೆ. ಹದಿನಾಲ್ಕು ವರ್ಷದವಳ ಪ್ರಶ್ನೆ, ಅವರು ಸಿಟ್ಟಾಗಲಿಲ್ಲ.

“ಯಾರೂ ಹಚ್ಚಿದ್ದಲ್ಲ. ರಂಗದ ಮ್ಯಾಲ ಹೋಗೂ ಮುಂದ ನಾನ ಹಚ್ಚಿಕೊಂಡದ್ದು, ಅಳಿಸಾಕ ಮನಸಾಗಲಿಲ್ಲ. ಇದು ನಿನ್ನ ಹೊಟ್ಯಾಗ ಇರಲಿ, ಯವ್ವಾ.”

ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವರು ಕೊಟ್ಟದ್ದು ಅದೊಂದೇ.

ಮೊದಲ ಆರು ತಿಂಗಳು ಅವರು ಕೇವಲ ಅತ್ತೆಯಾಗಿಯೇ ಇದ್ದರು. ನಂತರ ಹಳಿಯಾಳದ ಟೆಂಟಿಗೆ ಅವರ ಹಳೆಯ ಸಿನಿಮಾ ಒಂದು ಬಂತು. ನಮ್ಮ ಸಾಲಿನ ಹೆಂಗಸರು ಬಸ್ಸು ಹಿಡಿದು ಹೋಗಿ ನೋಡಿ ಬಂದರು. ಅದರಲ್ಲಿ ಅತ್ತೆಯದು ಶ್ರೀಮಂತನೊಬ್ಬ ಇಟ್ಟುಕೊಂಡವಳ ಪಾತ್ರ. ಕೈಯಲ್ಲಿ ಗ್ಲಾಸು, ಕಿಟಕಿಯ ಪಕ್ಕ ಕುಳಿತು ಒಂದು ಹಾಡು. ಮರುದಿನ ಬೆಳಿಗ್ಗೆ, ನಳಕ್ಕೆ ತಾಗಿದ ಮನೆಯಾಕೆ ಅತ್ತೆಯ ಕೊಡಕ್ಕೆ ತಗುಲದಂತೆ ತನ್ನ ಕೊಡವನ್ನು ಒಂದು ಗೇಣು ಆಚೆ ಸರಿಸಿದಳು. ಆಕೆ ಧಾರವಾಡದ ಕಡೆಯ ಫಿಟ್ಟರನ ಹೆಂಡತಿ, ನಮ್ಮ ಸಾಲಿಗೆಲ್ಲ ತಾನೇ ಹಿರಿಯಳೆಂದು ನಂಬಿದವಳು.

“ಅಲ್ರೀ ಅಕ್ಕಾರ, ಪಡದೆ ಮ್ಯಾಲ ಕೈಯಾಗ ಗ್ಲಾಸ ಹಿಡಕೊಂಡಿದ್ರಲ್ಲ, ಅದರಾಗ ಏನಿತ್ರೀ?”

“ಬೆಲ್ಲದ ನೀರ್ರಿ,” ಎಂದರು ಅತ್ತೆ. “ನಾಕು ತಾಸು ಹಿಡಕೊಂಡು ಕುಂದರಿಸಿದ್ರು. ಇರಿವಿ ಮುಕರಿ ಮೊಣಕೈತನಕಾ ಕಡದು ಬಿಟ್ವು. ಪಡದೆ ಮ್ಯಾಲ ಅಳಾಕತ್ತಿದ್ನಲ್ಲ, ಅದು ಇರಿವಿ ಅಳು.”

ನಳದ ಬಳಿ ನಿಂತ ಎಲ್ಲರೂ ನಕ್ಕರು. ಆದರೆ ಕೊಡ ಸರಿದ ಜಾಗದಲ್ಲೇ ಉಳಿಯಿತು. ಸಾಂಬ್ರಾಣಿ ಎಂಬ ಊರಿನಿಂದ ಹಾಲು ತರುವವಳು ಅವರ ಕೈಗೆ ನೇರವಾಗಿ ಕೊಡದೆ ಪಾತ್ರೆಯನ್ನು ಕಟ್ಟೆಯ ಮೇಲಿಡತೊಡಗಿದಳು. ಶ್ರಾವಣದಲ್ಲಿ ಉಡಿ ತುಂಬಲು ನಮ್ಮ ಮನೆಗೆ ಕರೆಯಲು ಬಂದವರು ಅವ್ವನನ್ನು ಮಾತ್ರ ಕರೆದು, ಪಕ್ಕದಲ್ಲೇ ಕುಳಿತಿದ್ದ ಅತ್ತೆಯನ್ನು ಗೋಡೆಯಂತೆ ನೋಡಿ ಹೋದರು. ಅವರೆಲ್ಲರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆ ಸಿಟ್ಟಿನ ಹಿಂದೆ ನಾನು ಎಷ್ಟು ಕಾಲ ಅಡಗಿ ಕುಳಿತಿದ್ದೆನೆಂಬುದು ಈಗ ಕಾಣುತ್ತಿದೆ.

ಆ ವರ್ಷದ ನವರಾತ್ರಿಗೆ ಹೆಣ್ಣುಮಕ್ಕಳು ಸೇರಿ ಹಾಡುವ ಕಾರ್ಯಕ್ರಮವಿತ್ತು. ನಾನು ಮುಂದಿನ ಸಾಲಿನಲ್ಲಿ ನಿಂತು ಹಾಡಬೇಕೆಂದು ನಿಶ್ಚಯಿಸಿದ್ದೆ. ಸಿನಿಮಾದಲ್ಲಿ ಹಾಡಿದವರ ಸೋದರ ಸೊಸೆ ನಾನು. ಬೇರೆ ಯಾರಿಗಿತ್ತು ಆ ಅಧಿಕಾರ? ನಮ್ಮ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರ ಎದುರಿಗೇ ಹಾಡಿ, ಹೇಗಿತ್ತೆಂದು ಅತ್ತೆಯನ್ನು ಕೇಳಿದೆ. ಬೇರೆ ಎಲ್ಲದರಲ್ಲಿಯೂ ಮೃದುವಾಗಿದ್ದ ಅತ್ತೆಗೆ ಸ್ವರದ ವಿಷಯದಲ್ಲಿ ಸುಳ್ಳು ಬರುತ್ತಿರಲಿಲ್ಲ.

“ನಿನ್ನ ದನಿ ಹಾಡಿಗಲ್ಲ ತಂಗಿ. ಓದೂದಕ್ಕ ಭಾಳ ಛಲೋ ಐತಿ. ಹಾಡು ನಳದ ಮನಿ ಹುಡುಗಿ ಕಡೆ ಹೇಳಸ್ರಿ. ಆಕೀ ಗಂಟಲದಾಗ ಸುರ ಐತಿ.”

ತನ್ನ ಕೊಡವನ್ನು ಸರಿಸಿದವಳ ಮಗಳಿಗೆ ಹೊಗಳಿಕೆ, ತನ್ನ ಸ್ವಂತ ತಮ್ಮನ ಮಗಳಿಗೆ ನಾಲ್ಕು ಜನರೆದುರು ಇಂಥ ಮಾತು! ನಾನು ಎದ್ದು ಒಳಗೆ ಹೋದೆ. ರಾತ್ರಿ ಅವರು ತಲೆ ನೇವರಿಸಲು ಬಂದಾಗ ಮಗ್ಗುಲು ತಿರುಗಿದೆ. ಆ ಅವಮಾನವನ್ನು ಎಂಟು ತಿಂಗಳು ಮಡಿಸಿ ಇಟ್ಟುಕೊಂಡೆ.

ಎಂಟು ತಿಂಗಳ ನಂತರ ನನ್ನ ತಮ್ಮ ಹುಟ್ಟಿದ. ನನ್ನ ಬೆನ್ನಿಗೆ ಎರಡು ಕೂಸು ಕಳೆದುಕೊಂಡು, ಹದಿನೈದು ವರ್ಷದ ಮೇಲೆ ಅವ್ವನಿಗೆ ದಕ್ಕಿದ ಗಂಡು. ನಮ್ಮ ಕಡೆ ಹನ್ನೆರಡನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. ಅಂದು ಅಪ್ಪನ ಅಕ್ಕತಂಗಿಯರಲ್ಲಿ ಒಬ್ಬಳು ಕುಂಚಿಗೆ ತಂದು ಕೂಸಿನ ತಲೆಗೆ ಕಟ್ಟಿ, ಬಾಗಿ, ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಕರೆಯಬೇಕು. ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಸೋದರತ್ತೆಯ ಹಕ್ಕು. ಅಪ್ಪನಿಗೆ ಇದ್ದವರು ಇವರೊಬ್ಬರೇ.

ತನ್ನನ್ನು ಕರೆಯುತ್ತಾರೋ ಇಲ್ಲವೋ ಎಂದು ಅತ್ತೆ ಬಾಯಿಬಿಟ್ಟು ಕೇಳಲಿಲ್ಲ. ತಮ್ಮ ನಾಟಕದ ಹಸಿರು ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ಕುಂಚಿಗೆ ಹೊಲಿದು ಟ್ರಂಕಿನಲ್ಲಿಟ್ಟಿದ್ದರಷ್ಟೆ. ಹೆಸರನ್ನೂ ಅವರೇ ಆರಿಸಿದ್ದರು, ಅಪ್ಪ ಒಪ್ಪಿದ್ದರು. ಹಿತ್ತಲಿನಲ್ಲಿ ನಿಂತು ಅದನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಅಂದು ನೋಡುತ್ತಿದ್ದರು.

“ಸಾವಿರ ಮಂದಿಗೆ ಕೇಳೂ ಹಂಗ ಹಾಡೂದು ಸಸಾರ,” ಎಂದರು ನನ್ನನ್ನು ಕಂಡು. “ಒಂದ ಕಿವಿಗೆ, ಅದೂ ಇಷ್ಟು ಸಣ್ಣ ಕಿವಿಗೆ ಹೇಳೂದು ಕಠಿಣ.”

ಒಂದೇ ಒಂದು ತೊಡಕಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಹೆಂಗಸರು ಶುಭಕಾರ್ಯಗಳಲ್ಲಿ ಮಾತ್ರ ಅದನ್ನು ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತೇವೆ. ಯಾರಾದರೂ ಕೇಳಿದರೆ ಹೇಳದೆ ಬಿಡುವಂತಿಲ್ಲ. ಹೇಳುವವರೆಗೆ ಕಾರ್ಯ ಮುಂದೆ ಸಾಗುವುದಿಲ್ಲ. ತೊಟ್ಟಿಲ ಮುಂದೆ ಅತ್ತೆಯನ್ನು ಕೇಳಿದರೆ ಅವರು ಯಾರ ಹೆಸರು ಹೇಳಬೇಕು?

ಅವ್ವ ಅದನ್ನು ಮೊದಲೇ ಯೋಚಿಸಿದ್ದಳು. ಹೆರಿಗೆಗೆ ಇನ್ನೂ ಎಂಟು ದಿನವಿರುವಾಗ, ಆ ಹೊಟ್ಟೆ ಹೊತ್ತುಕೊಂಡು, ಬಿಸಿಲಿನಲ್ಲಿ ಸಾಲಿನ ಒಂದೊಂದೇ ಮನೆಗೆ ಹೋದಳು. ಕೈ ಹಿಡಿದು ನಡೆಸಿದವಳು ನಾನು.

“ಅಕ್ಕಾರಿಗೆ ಯಾರೂ ಒಡಪು ಕೇಳಬ್ಯಾಡ್ರಿ,” ಎಂದು ಎಲ್ಲ ಮನೆಯಲ್ಲೂ ಅದೇ ಮಾತು. “ಕೂಸಿನ ಹೆಸರು ಅವರ ಬಾಯಿಲೆ ಆಗಲಿ. ಅಷ್ಟ ಬೇಡಕೋತೇನಿ.”

ನಳದ ಮನೆಯಾಕೆ ಮೊರದಲ್ಲಿನ ಅಕ್ಕಿಯಿಂದ ತಲೆ ಎತ್ತದೆ ಹೇಳಿದಳು: “ನಾ ಯಾಕ ಕೇಳ್ಲೆವಾ? ನಮ್ಮ ಮನ್ಯಾಗ ಹೆಣಮಕ್ಕಳಿಲ್ಲೇನು? ಬಿಸಲಾಗ ತಿರಗಬ್ಯಾಡ, ಮನಿಗೆ ಹೋಗು.”

ಹನ್ನೆರಡನೆಯ ದಿನ ಹದಿನಾಲ್ಕು ಹೆಂಗಸರು ಬಂದರು. ಯಾರೂ ತಪ್ಪಿಸಲಿಲ್ಲ. ತೊಟ್ಟಿಲಿಗೆ ಮಲ್ಲಿಗೆಯ ಸರ, ಪಕ್ಕದಲ್ಲಿ ಬುಟ್ಟಿ ತುಂಬ ಗುಗ್ಗರಿ. ಒಡಪುಗಳ ಸರದಿ ಶುರುವಾಯಿತು. ನಳದ ಮನೆಯಾಕೆಯನ್ನು ಕೇಳಿದಾಗ ಆಕೆ ಸೆರಗು ಸರಿಪಡಿಸಿಕೊಂಡು, ಗಂಡನ ಹೆಸರು ಬರುವಲ್ಲಿ ದನಿ ಇಳಿಸಿ ಹೇಳಿದಳು. ಹೆಸರನ್ನು ನಾನಿಲ್ಲಿ ಬಿಟ್ಟಿದ್ದೇನೆ.

“ಕಾರ್ಖಾನಿ ಭೋಂಗಾ ಊದತೈತಿ ಮುಂಜಾನಿ ಆರಕ್ಕ,
ನಮ್ಮ ಇಂಥವರು ಏಳತಾರ ನಾ ಕೂಗಿದ ನೂರಕ್ಕ!”

“ನೂರೂ ಎಣಸಿದೇನ ಅಕ್ಕಾ?” ಎಂದು ಯಾರೋ ಕೂಗಿದರು. “ಭೋಂಗಾಕಿಂತ ನಿನ್ನ ದನೀನ ದೊಡ್ಡದೈತಿ, ಅದಕ್ಕ ಅವರಿಗೆ ಕಿವಿ ಕೇಳೂದಿಲ್ಲ!” ಎಂದರು ಇನ್ನೊಬ್ಬರು. ಮನೆ ತುಂಬ ನಗು. ಹೀಗೆ ಒಬ್ಬೊಬ್ಬರದಾಗಿ, ಅತ್ತೆಯ ಎಡಕ್ಕೆ ಕುಳಿತವಳದು ಮುಗಿಯಿತು. ಸರದಿ ಅತ್ತೆಯನ್ನು ದಾಟಿ ಬಲಕ್ಕಿದ್ದವಳಿಗೆ ಹೋಯಿತು. ಯಾರೂ ಅವರ ಕಡೆ ನೋಡಲಿಲ್ಲ, ಯಾರೂ ನಗಲಿಲ್ಲ. ಹದಿನಾಲ್ಕು ಮಂದಿಯೂ ಅವ್ವನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು.

ಅತ್ತೆ ಎದ್ದು ಕುಂಚಿಗೆ ಹಿಡಿದು ತೊಟ್ಟಿಲ ಬಳಿಗೆ ಬಂದರು. ಹಾಡುವ ಮೊದಲು ಮಾಡುತ್ತಿದ್ದಂತೆ ಒಂದು ಲವಂಗವನ್ನು ಬಾಯಿಗೆ ಹಾಕಿಕೊಂಡಿದ್ದರು. ಆಗ ನಳದ ಮನೆಯ ಹುಡುಗಿ, ಯಾರೂ ಹೇಳದೆಯೇ, ಜೋಗುಳ ಎತ್ತಿದಳು. ನಿಜವಾಗಿಯೂ ಒಳ್ಳೆಯ ದನಿ. ಅತ್ತೆ ತಿರುಗಿ ಅವಳನ್ನು ನೋಡಿ, ಕಣ್ಣಿನಲ್ಲೇ ಭೇಷ್ ಅಂದರು. ಆ ನೋಟವನ್ನು ನಾನು ನೋಡಿದೆ.

“ಅತ್ತಿ, ನೀವು ಒಡಪು ಹೇಳಲೇ ಇಲ್ಲಲ್ಲ?” ಎಂದೆ. ಎಲ್ಲರಿಗೂ ಕೇಳುವಂತೆ, ಓದಲು ಬಹಳ ಚೆನ್ನಾಗಿರುವ ನನ್ನ ಸ್ಪಷ್ಟ ದನಿಯಲ್ಲಿ. “ಹೇಳಿದ ಮ್ಯಾಲ ಹೆಸರು ಕರೀರಿ.”

ಜೋಗುಳ ನಿಂತಿತು. ಅವ್ವ ಬಾಣಂತಿಯ ಹೊರಸಿನ ಮೇಲಿಂದ ನನ್ನನ್ನು ನೋಡಿದಳು. ಬಾಯಿತಪ್ಪಿ ಬಂದ ಮಾತಲ್ಲ ಅದು. ಅವರಿಗೆ ಹೇಳಲು ಹೆಸರಿಲ್ಲವೆಂದು ಆ ಕೋಣೆಯಲ್ಲಿ ಅವರ ಬಾಯಿಂದಲೇ ಕೇಳಿ ತಿಳಿದವಳು ನಾನೊಬ್ಬಳೇ. ತಿಳಿದೇ ಕೇಳಿದೆ.

ನಳದ ಮನೆಯಾಕೆ ಮೊದಲು ಬಾಯಿ ತೆರೆದಳು: “ಹುಡುಗ ಬುದ್ಧಿ, ಬಿಡ್ರಿ ಅಕ್ಕಾರ. ನೀವು ಕರೀರಿ.” ಅತ್ತೆಯ ಕೊಡ ಮುಟ್ಟಲೊಲ್ಲದವಳು ಆ ಮಾತು ಆಡಿದಳು. ಆದರೆ ಒಮ್ಮೆ ಕೇಳಿದ ಒಡಪನ್ನು ಕೇಳಲಿಲ್ಲವೆಂದು ಮಾಡಲು ಬರುವುದಿಲ್ಲ. ಹಾಗೇ ಕರೆದರೆ ಮುಂದೆ ಕೂಸಿಗೆ ಏನೇ ಆದರೂ ಆ ಮಾತು ಅವರ ತಲೆಗೇ ಬರುತ್ತಿತ್ತು. ಎರಡು ಕೂಸು ಕಳೆದುಕೊಂಡ ಮನೆ ಅದು. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ಅಳಲಿಲ್ಲ. ಜನರ ಮುಂದೆ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂಬುದು ಅವರ ಮೂವತ್ತು ವರ್ಷದ ಕಸುಬು. ಕುಂಚಿಗೆಯನ್ನು ನಳದ ಮನೆಯಾಕೆಯ ಕೈಯಲ್ಲಿಟ್ಟರು.

“ನೀವು ಕರೀರಿ ಅಕ್ಕಾ. ನನಗ ಇವತ್ತ ದನಿ ಇಲ್ಲ.”

“ನಾ ಯಾಕ್ರೀ? ನನಗೇನು ಹೆಸರು ಗೊತ್ತರೀ?”

ಅತ್ತೆ ಬಾಗಿ ಆಕೆಯ ಕಿವಿಯಲ್ಲಿ ಹೆಸರು ಹೇಳಿದರು. ಅಷ್ಟು ದಿನ ಹಿತ್ತಲಿನಲ್ಲಿ ಅಭ್ಯಾಸ ಮಾಡಿದ ಮೆಲುದನಿಯಲ್ಲಿ ಹೇಳಿರಬೇಕು, ಏಕೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ಆಕೆ ತೊಟ್ಟಿಲಿಗೆ ಬಾಗಿ ಕೂಸಿಗೆ ಹೇಳಿದಳು. ಬೆನ್ನಿಗೆ ಗುದ್ದಲು ಯಾರ ಕೈಯೂ ಏಳಲಿಲ್ಲ. ಗುಗ್ಗರಿ ಹಂಚುವಾಗ ಅತ್ತೆ ನನಗೂ ಒಂದು ಬೊಗಸೆ ಹಾಕಿದರು.

ನಾಲ್ಕು ದಿನಗಳ ಬಳಿಕ ಅವರು ಹೊರಟರು. ಕಂಪನಿಯಲ್ಲಿ ಅವರಿಗೆ ಬಣ್ಣ ಹಚ್ಚುತ್ತಿದ್ದ ಕೊಂಕಣಿ ಮಾತಿನ ಹೆಂಗಸೊಬ್ಬಳು ಜೋಯಿಡಾದ ಆಚೆ ಕುಂಬಾರವಾಡದಲ್ಲಿ ಭತ್ತದ ಗದ್ದೆ ಮಾಡಿಕೊಂಡಿದ್ದಳು. ಅಪ್ಪ ಬೇಡವೆಂದರು, ಅವ್ವ ಕೈ ಹಿಡಿದಳು. “ಕೂಸಿಗೆ ದೃಷ್ಟಿ ಆಗೂದು ಬ್ಯಾಡ,” ಎಂದಷ್ಟೇ ಅತ್ತೆ ಹೇಳಿದರು. ನನ್ನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಅದನ್ನು ಹಿಡಿದುಕೊಂಡು ನಾನು ಬದುಕಬಹುದಿತ್ತು. ಟ್ರಂಕನ್ನು ಈ ಸಲವೂ ಅಪ್ಪನೇ ಹೊತ್ತರು.

ಅಲ್ಲಿ ಅವರು ಒಂಬತ್ತು ವರ್ಷ ಬದುಕಿದರು. ಅಪ್ಪ ಪ್ರತಿ ದಸರೆಗೆ ಹೋಗಿ ಬರುತ್ತಿದ್ದರು. ಆ ಊರಿನಲ್ಲಿ ಎಲ್ಲರೂ ಅವರನ್ನು ‘ದಾಂಡೇಲಿ ಬಾಯಿ’ ಎಂದು ಕರೆಯುತ್ತಾರೆಂದು ಒಮ್ಮೆ ಅಪ್ಪ ಹೇಳಿದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ಮುಂದೆ ನಾನು ಹಳಿಯಾಳದಲ್ಲಿ ಶಿಕ್ಷಕಿಯಾದೆ. ಕುಂಬಾರವಾಡದ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಮಳೆಗಾಲದಲ್ಲಿ ಯಾವ ದಿನ ತಪ್ಪುತ್ತದೆ, ಎಲ್ಲವೂ ನನಗೆ ಬಾಯಿಪಾಠವಿತ್ತು. ಒಮ್ಮೆಯೂ ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯಿತ್ತೆಂಬ ನೆಪ ಸಿಕ್ಕಿತು.

ಹೀಗೆ, ಎಂಟನೆಯ ತಪ್ಪಿನ ಪಕ್ಕ ಬರೆಯಬೇಕಾದದ್ದು ಇದು: ಸಂಬಂಧಿಕರು ಅವರನ್ನು ಕೈಬಿಡಲಿಲ್ಲ. ತಮ್ಮ ಅವರ ಟ್ರಂಕು ಹೊತ್ತ. ತಮ್ಮನ ಹೆಂಡತಿ ತುಂಬಿದ ಹೊಟ್ಟೆಯಲ್ಲಿ ಅವರಿಗಾಗಿ ಮನೆ ಮನೆ ತಿರುಗಿ ಬೇಡಿದಳು. ಅವಮಾನ ಮಾಡುತ್ತಿದ್ದ ನೆರೆಯವರೂ ಅಂದು ಬಾಯಿ ಕಟ್ಟಿಕೊಂಡು ಕುಳಿತರು. ಅವರನ್ನು ಹೊರಗೆ ಹಾಕಿದವಳು ನಾನು.

ಪತ್ರಿಕೆಗೆ ಕಳಿಸುವ ಮೊದಲು ಇದನ್ನು ನನ್ನ ತಮ್ಮನಿಗೆ ಓದಿ ಹೇಳಬೇಕೆನಿಸಿತು. ಅವನು ನಿವೃತ್ತನಾಗಿ ಮುಂಡಗೋಡಿನಲ್ಲಿದ್ದಾನೆ. ಬಸ್ಸಿನಲ್ಲಿ ಹೋಗಿ, ಅವನ ಪಡಸಾಲೆಯಲ್ಲಿ ಕುಳಿತು, ಆರಂಭದಿಂದ ಕೊನೆಯವರೆಗೆ ಓದಿದೆ. ಮುಗಿದ ಮೇಲೆ ಅವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

“ನನಗ ಹೆಸರಿಟ್ಟಾಕಿ ನಳದ ಮನಿ ಅವ್ವ ಅಂತನ ತಿಳಕೊಂಡಿದ್ದೆ,” ಎಂದ. “ಆಕಿ ಸತ್ತಾಗ ಹೋಗಿ ಹೆಗಲು ಕೊಟ್ಟೆ. ನೀನೂ ಅಲ್ಲೇ ಇದ್ದಿ. ಆವತ್ತರ ಹೇಳಬಾರದಿತ್ತೇನಕ್ಕಾ?”

“ಹೇಳಬೇಕಿತ್ತು,” ಎಂದೆ.

ಅವನು ಕ್ಷಮಿಸಿದೆನೆನ್ನಲಿಲ್ಲ, ನಾನೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, “ಅತ್ತೀ ದನಿ ಹೆಂಗಿತ್ತು?” ಎಂದ.

ಅವರ ಒಂದು ಪ್ಲೇಟೂ ನಮ್ಮಲ್ಲಿ ಉಳಿದಿಲ್ಲ. ಆ ದನಿ ನನ್ನ ಕಿವಿಯಲ್ಲಿ ಇಂದಿಗೂ ಇದೆ, ಒಂದು ಸ್ವರವೂ ಮಾಸಿಲ್ಲ. ಆದರೆ ಅದನ್ನು ಹೊರಗೆ ತಂದು ಅವನಿಗೆ ಕೇಳಿಸುವ ಗಂಟಲು ನನ್ನದಲ್ಲ. “ಅದನ್ನ ಹಾಡಿ ತೋರಸಾಕ ನನಗ ಬರೂದಿಲ್ಲ,” ಎಂದೆ.

“ಹಂಗಾರ ಇನ್ನೊಮ್ಮೆ ಓದು,” ಎಂದ. “ಹಿತ್ತಲದಾಗ ನಿಂತು ನನ್ನ ಹೆಸರು ಅಂದು ನೋಡತಿದ್ರು ಅಂತ ಬರದೀಯಲ್ಲ, ಅಲ್ಲಿಂದ.”

ನಾನು ಹಾಳೆ ತಿರುಗಿಸಿ, ಅಲ್ಲಿಂದ ಓದತೊಡಗಿದೆ.